ರಕ್ತದೊತ್ತಡಕ್ಕೆ ಮದ್ದಿನ ಗಿಡಗಳು: ಪರೀಕ್ಷೆ ನಡೆಯುವ ಬಗೆ

ಕೊಕ್ಕರ್ಣೆಯ ಆಸುಪಾಸಿನ ಹಾಡಿ, ಅಡಿಕೆ ತೋಟ, ಗದ್ದೆಯಂಚುಗಳಲ್ಲಿ ಮದ್ದಿನ ಗಿಡಗಳಿಗೆ ಕೊರತೆಯಿಲ್ಲ. ತೇವದ ಅಂಚಿನಲ್ಲಿ ಒಂದೆಲಗ, ಬೇಲಿಯ ಮೇಲೆ ಅಮೃತಬಳ್ಳಿ, ಹಿತ್ತಲಿನಲ್ಲಿ ನುಗ್ಗೆ. ಒಂದೊಂದಕ್ಕೂ ಒಂದೊಂದು ಗುಣ ಹೇಳುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಈಗೀಗ ಆ ಗುಣಗಳ ಸಾಲಿಗೆ ‘ಇದು ಬಿ.ಪಿ.ಗೆ ಒಳ್ಳೆಯದು’ ಎಂಬ ಮಾತೂ ಸೇರಿದೆ.

ಇಂಥ ಮಾತು ಕಿವಿಗೆ ಬಿದ್ದಾಗ ಏನು ಮಾಡಬೇಕು? ಪೂರ್ತಿ ನಂಬಿ, ನುಂಗುತ್ತಿರುವ ಮಾತ್ರೆಯನ್ನು ಬಿಟ್ಟು ಸೊಪ್ಪಿನ ರಸ ಕುಡಿಯಬೇಕೇ? ಅಥವಾ ಬರಿಯ ನಂಬಿಕೆಯೆಂದು ತಳ್ಳಿಹಾಕಬೇಕೇ? ಎರಡೂ ಸರಿಯಲ್ಲ. ಮೊದಲನೆಯದರಿಂದ ಜೀವಕ್ಕೆ ಅಪಾಯ. ಎರಡನೆಯದರಿಂದ ಒಳ್ಳೆಯ ಔಷಧವೊಂದು ಕೈತಪ್ಪಿ ಹೋಗಬಹುದು. ಇವೆರಡರ ನಡುವೆ ಇರುವ ದಾರಿಯೇ ಪರೀಕ್ಷೆ. ಹೊಸ ತಳಿಯ ಭತ್ತ ಬಂದಾಗ ಇಡೀ ಗದ್ದೆಗೆ ಹಾಕದೆ, ಒಂದು ತಾಕಿನಲ್ಲಿ ಬೆಳೆದು ಹಳೆಯ ತಳಿಯೊಡನೆ ಹೋಲಿಸಿ ನೋಡುವ ರೈತರಿಗೆ ಈ ದಾರಿ ಹೊಸದಲ್ಲ. ಮದ್ದಿನ ಗಿಡಗಳ ವಿಷಯದಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದೇ ಈ ಪಾಠದ ವಿಷಯ.

ರಕ್ತದೊತ್ತಡ ಎಂದರೇನು?

ತೋಟಕ್ಕೆ ನೀರು ಹಾಯಿಸುವ ಪಂಪನ್ನು ನೆನೆಯಿರಿ. ಪಂಪು ತಳ್ಳಿದ ನೀರು ಕೊಳವೆಯ ಒಳಗೋಡೆಯನ್ನು ಒತ್ತುತ್ತದೆ. ಕೊಳವೆ ಕಿರಿದಾದರೆ ಅಥವಾ ಪಂಪು ಜೋರಾಗಿ ತಳ್ಳಿದರೆ ಒತ್ತಡ ಏರುತ್ತದೆ. ಹೀಗೆಯೇ ವರ್ಷಗಟ್ಟಲೆ ನಡೆದರೆ ಒಂದು ಕಡೆ ಕೊಳವೆ ಬಿರಿಯುತ್ತದೆ, ಇನ್ನೊಂದು ಕಡೆ ಪಂಪು ಸವೆಯುತ್ತದೆ. ನಮ್ಮ ಹೃದಯ ಮತ್ತು ರಕ್ತನಾಳಗಳ ಪಾಡೂ ಹೆಚ್ಚುಕಡಿಮೆ ಇದೇ.

ಒತ್ತಡವನ್ನು ಎರಡು ಅಂಕಿಗಳಲ್ಲಿ ಹೇಳುತ್ತಾರೆ. ಹೃದಯ ಸಂಕುಚಿಸಿದಾಗಿನದು ಮೇಲಿನ ಅಂಕಿ, ಸಡಿಲವಾದಾಗಿನದು ಕೆಳಗಿನ ಅಂಕಿ. ಎರಡನ್ನೂ ಪಾದರಸದ ಮಿಲಿಮೀಟರ್‌ಗಳಲ್ಲಿ ಅಳೆಯುತ್ತಾರೆ. ಆರೋಗ್ಯವಂತ ವಯಸ್ಕರಲ್ಲಿ ಇದು 120/80ರ ಆಸುಪಾಸಿನಲ್ಲಿರುತ್ತದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15 ವರ್ಷ ಮೇಲ್ಪಟ್ಟ ಪುರುಷರಲ್ಲಿ ಶೇಕಡಾ 24, ಮಹಿಳೆಯರಲ್ಲಿ ಶೇಕಡಾ 21ರಷ್ಟು ಮಂದಿಗೆ ಒತ್ತಡ ಹೆಚ್ಚಾಗಿತ್ತು, ಇಲ್ಲವೇ ಅವರು ಅದಕ್ಕಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು.

ಈ ರೋಗದ ಕೆಟ್ಟ ಗುಣವೆಂದರೆ ಸದ್ದಿಲ್ಲದೆ ಬೆಳೆಯುವುದು. ಬಹಳ ಮಂದಿಗೆ ಯಾವ ನೋವೂ ಇರುವುದಿಲ್ಲ. ಲಕ್ವ ಹೊಡೆದ ಮೇಲೆ, ಹೃದಯಾಘಾತವಾದ ಮೇಲೆ ಅಥವಾ ಮೂತ್ರಪಿಂಡ ಕೆಟ್ಟ ಮೇಲೆ ಮೊದಲ ಬಾರಿ ತಿಳಿಯುವುದೂ ಉಂಟು. ಆದುದರಿಂದ ‘ತಲೆನೋವು ಹೋಯಿತು, ಹಾಯೆನಿಸಿತು’ ಎಂಬ ಅನುಭವ ಒತ್ತಡ ಇಳಿದುದಕ್ಕೆ ಸಾಕ್ಷಿಯಾಗಲಾರದು. ಅಳತೆಯೊಂದೇ ಸಾಕ್ಷಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿರಿ. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ರಿವಾ ರೋಚಿ ಎಂಬ ವೈದ್ಯರು ರೂಪಿಸಿದ್ದು 1896ರಲ್ಲಿ. ಎರಡೂ ಅಂಕಿಗಳನ್ನು ಕಿವಿಯಿಂದ ಆಲಿಸಿ ಗುರುತಿಸುವ ಕ್ರಮವನ್ನು ರಷ್ಯದ ಕೊರೊಟ್ಕೊಫ್ ತಿಳಿಸಿದ್ದು 1905ರಲ್ಲಿ. ಅಂದರೆ ನಮ್ಮ ಹಳೆಯ ನಾಟಿ ವೈದ್ಯರಿಗೆ ರಕ್ತದೊತ್ತಡದ ಅಂಕಿ ಗೊತ್ತಿರಲು ಸಾಧ್ಯವಿರಲಿಲ್ಲ. ಅವರು ಕಂಡದ್ದು ನಿದ್ದೆಗೇಡು, ತಲೆಸುತ್ತು, ಉದ್ರೇಕ ಮುಂತಾದ ಲಕ್ಷಣಗಳನ್ನು. ‘ಅಜ್ಜನ ಕಾಲದಿಂದ ಬಿ.ಪಿ.ಗೆ ಕೊಡುವ ಮದ್ದು’ ಎಂದು ಯಾರಾದರೂ ಹೇಳಿದರೆ ‘ಅಜ್ಜ ಯಾವ ತೊಂದರೆಗೆ ಕೊಡುತ್ತಿದ್ದರು?’ ಎಂದು ಕೇಳಿ ತಿಳಿಯಿರಿ. ಪರಂಪರೆಯ ಜ್ಞಾನ ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಎಷ್ಟು ಇಳಿಯಿತು ಎಂಬುದನ್ನು ಅಳೆದೇ ತಿಳಿಯಬೇಕು.

ಪರೀಕ್ಷೆಯಲ್ಲಿ ಗೆದ್ದ ಬೇರು: ಸರ್ಪಗಂಧ

ನಾಟಿ ಮದ್ದೊಂದು ಪರೀಕ್ಷೆಗಳನ್ನು ದಾಟಿ ಜಗತ್ತಿನ ಔಷಧವಾದುದಕ್ಕೆ ಸರ್ಪಗಂಧವೇ ಉತ್ತಮ ಉದಾಹರಣೆ. ಹಾವಿನಂತೆ ಡೊಂಕಾದ ಇದರ ಬೇರನ್ನು ನಮ್ಮ ದೇಶದಲ್ಲಿ ಹಾವಿನ ಕಡಿತಕ್ಕೂ, ನಿದ್ದೆ ಬಾರದವರಿಗೂ, ಬುದ್ಧಿಭ್ರಮಣೆಯಾದವರಿಗೂ ಹಿಂದಿನಿಂದ ಕೊಡುತ್ತಿದ್ದರು.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಉನ್ಮಾದಕ್ಕೂ ಹೆಚ್ಚಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಕೆಲವು ಆಲ್ಕಲಾಯ್ಡ್‌ಗಳನ್ನು, ಅಂದರೆ ಕಹಿ ಸತ್ತ್ವಗಳನ್ನು, ಬೇರ್ಪಡಿಸಿದರು. 1933ರಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು ಪ್ರಾಣಿಗಳ ಮೇಲೆ ಅದರ ಪರಿಣಾಮವನ್ನು ಅಭ್ಯಸಿಸಿದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 50 ಮಂದಿ ರೋಗಿಗಳಿಗೆ ಬೇರಿನ ಮಾತ್ರೆ ಕೊಟ್ಟು, ಅಳೆದು ಬರೆದಿಟ್ಟ ಫಲಿತಾಂಶಗಳನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗಲೇ ಹೊರಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಮುಖ್ಯ ಸತ್ತ್ವವನ್ನು ಬಿಡಿಸಿದರು. 1956ರಲ್ಲಿ ಅಮೆರಿಕದ ವುಡ್‌ವರ್ಡ್ ಅದನ್ನು ಪ್ರಯೋಗಶಾಲೆಯಲ್ಲಿ ಕೃತಕವಾಗಿ ತಯಾರಿಸಿದ ಬಗೆಯನ್ನು ತಿಳಿಸಿದರು.

ಪರೀಕ್ಷೆಯಿಂದ ಗುಣದಂತೆ ದೋಷವೂ ಹೊರಬಿತ್ತು. ರೆಸರ್ಪಿನ್ ನರತುದಿಗಳಲ್ಲಿರುವ, ರಕ್ತನಾಳಗಳನ್ನು ಬಿಗಿಗೊಳಿಸುವ ರಾಸಾಯನಿಕದ ದಾಸ್ತಾನನ್ನು ಬರಿದು ಮಾಡುತ್ತದೆ. ಇದರಿಂದ ಒತ್ತಡ ಇಳಿಯುತ್ತದೆ. ಆದರೆ ಮೂಗು ಕಟ್ಟುವುದು, ಮಂಪರು, ನಾಡಿ ನಿಧಾನವಾಗುವುದು, ಹೊಟ್ಟೆಹುಣ್ಣು ಕೆರಳುವುದು ಮತ್ತು ಕೆಲವರಲ್ಲಿ ಮನಸ್ಸು ತೀರ ಕುಗ್ಗುವುದು ಕಂಡುಬಂದವು. ಹೊಸ ಔಷಧಗಳು ಬಂದ ಮೇಲೆ ಇದರ ಬಳಕೆ ಬಹಳ ಕಡಿಮೆಯಾಯಿತು.

ಪ್ರಮಾಣದ ಲೆಕ್ಕವನ್ನೂ ನೋಡಿರಿ. ರೋಗಿಗೆ ದಿನಕ್ಕೆ ಕೊಡುವ ರೆಸರ್ಪಿನ್ ಸಾಮಾನ್ಯವಾಗಿ 0.1ರಿಂದ 0.25 ಮಿಲಿಗ್ರಾಂ ಮಾತ್ರ. ಒಣಬೇರಿನಲ್ಲಿ ಅದು ಶೇಕಡಾ 0.1ರಷ್ಟಿದೆ ಎಂದಿಟ್ಟುಕೊಂಡರೆ ಒಂದು ಗ್ರಾಂ ಬೇರಿನಲ್ಲಿ ಒಂದು ಮಿಲಿಗ್ರಾಂ ಆಯಿತು. ಎಂದರೆ ಕಿರುಬೆರಳ ತುದಿಯಷ್ಟು ಬೇರಿನಲ್ಲಿ ನಾಲ್ಕು ದಿನಕ್ಕೂ ಮಿಕ್ಕಿದ ಮದ್ದು! ಮಣ್ಣು, ಋತು, ಗಿಡದ ವಯಸ್ಸುಗಳಿಗೆ ತಕ್ಕಂತೆ ಈ ಪ್ರಮಾಣ ಏರುಪೇರಾಗುವುದು ಬೇರೆ. ಕಣ್ಣಳತೆಯಲ್ಲಿ ತೇಯ್ದು ಕುಡಿಯುವುದು ಏಕೆ ಅಪಾಯವೆಂದು ಇದರಿಂದ ತಿಳಿಯಬಹುದು.

ಪರೀಕ್ಷೆಯ ಹಂತಗಳು

1. ಗುರುತಿಸುವಿಕೆ: ಹೂವು, ಕಾಯಿ, ಎಲೆ ಸಹಿತ ಗಿಡವನ್ನು ಒಣಗಿಸಿ ಹಾಳೆಗೆ ಅಂಟಿಸಿ, ಸಿಕ್ಕಿದ ಸ್ಥಳ ಮತ್ತು ದಿನಾಂಕ ಬರೆದಿಡುತ್ತಾರೆ. ಒಂದೇ ಹೆಸರಿನಲ್ಲಿ ಎರಡು ಊರುಗಳಲ್ಲಿ ಎರಡು ಬೇರೆ ಗಿಡಗಳಿರುತ್ತವೆ. ಇಲ್ಲಿ ತಪ್ಪಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

2. ಸಂಗ್ರಹಣೆ: ಯಾವ ಭಾಗ, ಯಾವ ತಿಂಗಳು, ಎಷ್ಟು ವರ್ಷದ ಗಿಡ ಎಂಬುದನ್ನು ದಾಖಲಿಸಿ ನೆರಳಿನಲ್ಲಿ ಒಣಗಿಸುತ್ತಾರೆ.

3. ಸಾರ ತೆಗೆಯುವುದು: ನೀರು, ಮದ್ಯಸಾರ ಮುಂತಾದವುಗಳಲ್ಲಿ ನೆನೆಹಾಕಿ ಸಾರ ಪಡೆಯುತ್ತಾರೆ. ನೀರಿನ ಕಷಾಯಕ್ಕೆ ಬಾರದ ಸತ್ತ್ವ ಮದ್ಯಸಾರಕ್ಕೆ ಬರಬಹುದು.

4. ಪ್ರಾಣಿಗಳ ಮೇಲೆ ಪರೀಕ್ಷೆ: ವಿಷಗುಣ ಎಷ್ಟು, ಒತ್ತಡ ಇಳಿಯುವುದೇ ಎಂದು ನೋಡುತ್ತಾರೆ. ಇಲ್ಲಿ ಅವಸರದ ತೀರ್ಮಾನ ಸಲ್ಲದು. ಅನೇಕ ಹಸಿ ಸಾರಗಳನ್ನು ನಾಳಕ್ಕೆ ಚುಚ್ಚಿದಾಗ ಅವುಗಳಲ್ಲಿರುವ ಪೊಟ್ಯಾಸಿಯಂ, ಹಿಸ್ಟಮಿನ್‌ನಂಥ ಸಾಮಾನ್ಯ ವಸ್ತುಗಳಿಂದಲೇ ಒತ್ತಡ ಕೆಲ ನಿಮಿಷ ಕುಸಿಯುತ್ತದೆ. ಅದೇ ಸಾರವನ್ನು ಬಾಯಿಯಿಂದ ಕೊಟ್ಟರೆ ಏನೂ ಆಗದಿರಬಹುದು.

5. ಸತ್ತ್ವವನ್ನು ಬೇರ್ಪಡಿಸಿ ಪ್ರಮಾಣ ನಿಗದಿಪಡಿಸುವುದು: ಪ್ರತಿ ಮಾತ್ರೆಯಲ್ಲೂ ಒಂದೇ ಪ್ರಮಾಣ ಇರುವಂತೆ ನೋಡಿಕೊಳ್ಳುವುದು ಇದರ ಉದ್ದೇಶ.

6. ಮನುಷ್ಯರ ಮೇಲೆ ಪರೀಕ್ಷೆ: ನೈತಿಕ ಸಮಿತಿಯ ಅನುಮತಿ ಪಡೆದು, ಭಾಗವಹಿಸುವವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಮೊದಲು ಕೆಲವೇ ಮಂದಿಯಲ್ಲಿ, ಸುರಕ್ಷಿತವೆಂದು ಕಂಡ ಮೇಲೆ ಹೆಚ್ಚು ರೋಗಿಗಳಲ್ಲಿ ನಡೆಸುತ್ತಾರೆ.

ತಾಕಿನಿಂದ ಆಸ್ಪತ್ರೆಗೆ

ಆರನೆಯ ಹಂತವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಏಕೆಂದರೆ ಇದರ ಮೂಲತತ್ತ್ವ ಬೆಳೆದದ್ದು ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಫಿಷರ್ ಎಂಬ ಗಣಿತಜ್ಞರು, ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ತೋರಿಸಿದರು. ಇಲ್ಲವಾದರೆ ಒಳ್ಳೆಯ ಮಣ್ಣಿನ ತಾಕಿಗೇ ನಮ್ಮ ಮೆಚ್ಚಿನ ಗೊಬ್ಬರ ಹೋಗಿಬಿಡುತ್ತದೆ. ಗೊಬ್ಬರ ಹಾಕದ ತಾಕು, ಅದೇ ಪ್ರಯೋಗವನ್ನು ಹಲವು ತಾಕುಗಳಲ್ಲಿ ಮಾಡುವುದು, ಚೀಟಿ ಎತ್ತುವುದು ಈ ಮೂರೂ ಸೇರಿದರೆ ನಂಬಬಹುದಾದ ಫಲಿತಾಂಶ. 1948ರಲ್ಲಿ ಬ್ರಿಟನ್ನಿನ ವೈದ್ಯರು ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಮದ್ದಿನ ಪರೀಕ್ಷೆಯ ವರದಿ ಪ್ರಕಟಿಸಿದರು. ರೋಗಿಗಳನ್ನು ಹೀಗೆಯೇ ಹಂಚಿ ನಡೆಸಿದ ಪ್ರಸಿದ್ಧ ಪರೀಕ್ಷೆಗಳಲ್ಲಿ ಅದು ಮೊದಲನೆಯದು.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಒಂದು ಊರಿನಲ್ಲಿ ಒತ್ತಡ ಹೆಚ್ಚಿರುವ 40 ಮಂದಿಯನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿರಿ. ಒಂದು ಗುಂಪಿಗೆ ಸೊಪ್ಪಿನ ರಸ, ಇನ್ನೊಂದಕ್ಕೆ ಅದೇ ಬಣ್ಣ, ಅದೇ ರುಚಿಯ ಬೇರೆ ನಿರಪಾಯಕರ ರಸ. ಯಾರಿಗೆ ಯಾವುದೆಂದು ಕುಡಿದವರಿಗೂ, ಅಳೆಯುವವರಿಗೂ ತಿಳಿದಿರಬಾರದು. ಎರಡೂ ಗುಂಪುಗಳ ಮೇಲಿನ ಅಂಕಿಯ ಸರಾಸರಿ ಮೊದಲು 150 ಇತ್ತು. ತಿಂಗಳ ನಂತರ ಸೊಪ್ಪಿನ ರಸ ಕುಡಿದವರಲ್ಲಿ 142, ಉಳಿದವರಲ್ಲಿ 145 ಆಯಿತೆನ್ನಿ. ಸೊಪ್ಪಿನ ಪಾಲು ಎಷ್ಟು? ಎಂಟಲ್ಲ, ಮೂರು ಮಾತ್ರ. 40 ಮಂದಿಯಷ್ಟೇ ಇರುವುದರಿಂದ ಆ ಮೂರು ಕೂಡ ಆಕಸ್ಮಿಕವಾಗಿರಬಹುದು.

ಹಾಗಾದರೆ ಏನೂ ಮದ್ದಿಲ್ಲದ ಗುಂಪಿನಲ್ಲೂ ಒತ್ತಡ ಇಳಿದದ್ದೇಕೆ? ಮೊದಲ ಸಲ ಅಳೆಸಿಕೊಳ್ಳುವಾಗಿನ ಅಂಜಿಕೆ ಆಮೇಲೆ ಇರುವುದಿಲ್ಲ. ಪರೀಕ್ಷೆಯಲ್ಲಿದ್ದೇವೆಂಬ ಎಚ್ಚರದಿಂದ ಉಪ್ಪು ಕಡಿಮೆ ತಿನ್ನುತ್ತಾರೆ. ಮದ್ದು ಕುಡಿದೆನೆಂಬ ನೆಮ್ಮದಿಯೂ ಕೆಲಸ ಮಾಡುತ್ತದೆ. ಇದಲ್ಲದೆ, ಅಂಕಿ ಏರಿದ ದಿನ ಆರಿಸಿದವರಲ್ಲಿ ಅದು ಇನ್ನೊಂದು ದಿನ ತಾನಾಗಿಯೇ ಕೆಳಗಿಳಿಯುವುದು ಸಹಜ. ‘ನಾನು ಕುಡಿದೆ, ನನಗೆ ಇಳಿಯಿತು’ ಎಂಬ ಪ್ರಾಮಾಣಿಕ ಮಾತು ಕೂಡ ಸಾಕಾಗದಿರುವುದು ಈ ಕಾರಣಗಳಿಂದ.

ಅರ್ಧ ದಾರಿಯಲ್ಲಿ ನಿಂತ ಗಿಡ

ಎಲ್ಲ ಗಿಡಗಳೂ ಕೊನೆಯ ಹಂತ ಮುಟ್ಟುವುದಿಲ್ಲ. ಬೆಳಗಾವಿ ಭಾಗದಲ್ಲಿ ಉಪ್ಪಿನಕಾಯಿಗೆ ಬಳಸುವ ಮಕಂದಿ ಬೇರು, ಅಂದರೆ ಕೋಲಿಯಸ್, ಇದಕ್ಕೆ ನಿದರ್ಶನ. 1970ರ ದಶಕದಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮತ್ತು ಮುಂಬಯಿಯ ಹೆಕ್ಸ್ಟ್ ಸಂಸ್ಥೆಯ ವಿಜ್ಞಾನಿಗಳು ಬೇರೆ ಬೇರೆಯಾಗಿ ನಡೆಸಿದ ಶೋಧನೆಯಲ್ಲಿ ಇದರ ಬೇರಿನ ಸತ್ತ್ವ ಪ್ರಾಣಿಗಳ ರಕ್ತದೊತ್ತಡವನ್ನು ಇಳಿಸಿತು. ಅದಕ್ಕೆ ಫಾರ್ಸ್‌ಕೋಲಿನ್ ಎಂಬ ಹೆಸರು ನಿಂತಿತು. ಆದರೆ ಅದು ದೇಹದ ಬಹುತೇಕ ಎಲ್ಲ ಬಗೆಯ ಜೀವಕೋಶಗಳ ಮೇಲೂ ಕೆಲಸ ಮಾಡುತ್ತದೆ, ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ದಿನನಿತ್ಯ ನುಂಗುವ ಬಿ.ಪಿ. ಮಾತ್ರೆ ಅದರಿಂದ ಆಗಲಿಲ್ಲ. ಜೀವಕೋಶಗಳ ಅಧ್ಯಯನಕ್ಕೆ ಮಾತ್ರ ಬಹಳ ಉಪಯೋಗವಾಯಿತು. ಪ್ರಾಣಿಗಳಲ್ಲಿ ಗೆದ್ದುದೆಲ್ಲ ಔಷಧವಾಗುವುದಿಲ್ಲ ಎಂಬುದೇ ಇದರ ಪಾಠ.

ಬೆಳ್ಳುಳ್ಳಿ ಮತ್ತು ಕೆಂಪು ಪುಂಡಿಯ ಹೂದಳದ ಕಷಾಯದ ಮೇಲೆ ಮನುಷ್ಯರಲ್ಲಿ ಪರೀಕ್ಷೆಗಳು ನಡೆದಿವೆ. ಕೆಲವುಗಳಲ್ಲಿ ಒತ್ತಡ ಸ್ವಲ್ಪ ಇಳಿದದ್ದು ಕಂಡಿದೆ. ಆದರೆ ಅವುಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ಊಟದಲ್ಲಿ ಇವುಗಳನ್ನು ಬಳಸಲು ಅಡ್ಡಿಯಿಲ್ಲ. ಮಾತ್ರೆಯ ಬದಲಿಗೆ ಇವು ಸಾಲವು.

ಇನ್ನು ತದ್ವಿರುದ್ಧದ ಉದಾಹರಣೆಯೂ ಉಂಟು. ಕೆಮ್ಮು, ಗಂಟಲುನೋವಿಗೆ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವನ್ನು ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ದೇಹದಲ್ಲಿ ಉಪ್ಪು, ನೀರು ನಿಂತು, ಪೊಟ್ಯಾಸಿಯಂ ಕಡಿಮೆಯಾಗಿ ರಕ್ತದೊತ್ತಡ ಏರುತ್ತದೆ. ‘ಗಿಡಮೂಲಿಕೆ, ಏನೂ ಅಪಾಯವಿಲ್ಲ’ ಎಂಬ ಮಾತನ್ನು ಒಪ್ಪುವಂತಿಲ್ಲ.

ಸರ್ಪಗಂಧವನ್ನು ಗುರುತಿಸಿ, ಉಳಿಸಿ

ನಿಜವಾದ ಸರ್ಪಗಂಧ ಮೊಣಕಾಲೆತ್ತರದಿಂದ ಸೊಂಟದೆತ್ತರದ ಒಳಗಿನ ಗಿಡ. ಪ್ರತಿ ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆಗಳು. ಬಿಳಿ ಹೂವುಗಳಿಗೆ ಕೆಂಪು ತೊಟ್ಟು. ಕಾಯಿ ಮಾಗಿದಾಗ ಹೊಳೆಯುವ ಕಡು ನೇರಳೆ ಕಪ್ಪು. ಪಾಳುಜಾಗದಲ್ಲೂ ಬೇಲಿಸಾಲಿನಲ್ಲೂ ಕಾಣುವ ಇದರ ಇನ್ನೊಂದು ಜಾತಿ ಅಮೆರಿಕ ಮೂಲದ್ದು. ಅದರಲ್ಲಿ ಗೆಣ್ಣಿಗೆ ನಾಲ್ಕು ಎಲೆಗಳು, ಅವು ಒಂದೇ ಅಳತೆಯವಲ್ಲ. ಅದರ ಬೇರನ್ನು ಸರ್ಪಗಂಧದೊಡನೆ ಬೆರಕೆ ಮಾಡುವುದುಂಟು.

ಬೇರು ಕಿತ್ತರೆ ಗಿಡ ಸತ್ತಂತೆಯೇ. ರೆಸರ್ಪಿನ್‌ಗೆ ಬೇಡಿಕೆ ಬಂದ ಮೇಲೆ ಕಾಡಿನ ಗಿಡಗಳು ವಿರಳವಾದವು. 1990ರಿಂದ ಸರ್ಪಗಂಧದ ಅಂತರರಾಷ್ಟ್ರೀಯ ವ್ಯಾಪಾರ ಅನುಮತಿಗೆ ಒಳಪಟ್ಟಿದೆ. ಆದ್ದರಿಂದ ಹಾಡಿಯಲ್ಲಿ ಕಂಡರೆ ಕೀಳದಿರಿ. ಬೀಜ ಮಾತ್ರ ಆಯ್ದು ಬೆಳೆಸಿರಿ.

ಬೆಳೆಯುವವರು ಈ ಕೆಲವು ಅಂಶಗಳನ್ನು ಗಮನಿಸಬೇಕು. ಬೀಜವನ್ನು ನೀರಿಗೆ ಹಾಕಿ ತೇಲುವುದನ್ನು ತೆಗೆದುಬಿಡಿ. ಮುಳುಗಿದವುಗಳೂ ಎಲ್ಲ ಮೊಳೆಯುವುದಿಲ್ಲವಾದ್ದರಿಂದ ಮಡಿಯಲ್ಲಿ ಧಾರಾಳವಾಗಿ ಬಿತ್ತಿರಿ. ಒಂದೂವರೆಯಿಂದ ಎರಡು ತಿಂಗಳ ಸಸಿಗಳನ್ನು 60 × 30 ಸೆಂ.ಮೀ. ಅಂತರದಲ್ಲಿ ನೆಡಬಹುದು. ಬೇರಿನ ತುಂಡುಗಳಿಂದಲೂ ಗಿಡ ಬರುತ್ತದೆ, ಆದರೆ ಬೀಜದ ಗಿಡದಷ್ಟು ಬೇರು ಸಿಗದು. ಕರಾವಳಿಯ ಮಳೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ. ಬಸಿಗಾಲುವೆ ಇಲ್ಲವೇ ಏರುಮಡಿ ಅವಶ್ಯ. ಸುಮಾರು 18 ತಿಂಗಳ ಮೇಲೆ, ಎಲೆ ಉದುರುವ ಚಳಿಗಾಲದಲ್ಲಿ ಅಗೆಯಬೇಕು. ಸತ್ತ್ವದ ಬಹುಭಾಗ ಬೇರಿನ ತೊಗಟೆಯಲ್ಲಿರುವುದರಿಂದ ತೊಳೆಯುವಾಗ ತೊಗಟೆ ಸುಲಿಯದಂತೆ ಎಚ್ಚರ ವಹಿಸಿರಿ. ಕೊಳ್ಳುವವರು ಯಾರೆಂದು ಖಚಿತವಾದ ಮೇಲೆಯೇ ನಾಟಿಗೆ ಕೈಹಾಕುವುದು ಜಾಣತನ. ಸಲಹೆಗೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವನ್ನು ಕೇಳಬಹುದು.

ನಿಮ್ಮ ಮನೆಯಲ್ಲಿ ವಿಶೇಷ ಮದ್ದಿನ ತಿಳಿವಳಿಕೆ ಇದ್ದರೆ ಅದು ಅಳಿಯದಂತೆ ನೋಡಿಕೊಳ್ಳಿರಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಗುಟ್ಟಾಗಿ ಇಡಬೇಕಾದ ವಿವರ ಯಾವುದೆಂದು ಸಮಿತಿಗೆ ಮೊದಲೇ ತಿಳಿಸಿ, ಉಳಿದುದನ್ನು ಅದರಲ್ಲಿ ಬರೆಸಿರಿ.

ಈಗಲೇ ಮಾಡಬೇಕಾದ್ದು

• 30 ವರ್ಷ ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒತ್ತಡ ಅಳೆಸಿಕೊಳ್ಳಿರಿ.

• ಅಳತೆಗೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಎಲೆಯಡಿಕೆ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕುಳಿತು, ಪಾದ ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಅಳೆಸಿರಿ.

• ಅಂಕಿಯನ್ನೂ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

• ಉಪ್ಪು ದಿನಕ್ಕೆ ತಲಾ 5 ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗಂಜಿಯೊಡನೆ ನಂಜಿಕೊಳ್ಳುವ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳಗಳ ಉಪ್ಪನ್ನೂ ಈ ಲೆಕ್ಕಕ್ಕೆ ಸೇರಿಸಿರಿ.

• ಯಾವುದೇ ಸೊಪ್ಪು, ಬೇರು, ಕಷಾಯ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿರಿ. ಮಾತ್ರೆ ಮತ್ತು ಬೇರು ಎರಡೂ ಸೇರಿ ಒತ್ತಡ ತೀರ ಕುಸಿಯುವ ಭಯವಿದೆ.

• ಅಂಕಿ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಇಳಿದಿರುವುದು ಮಾತ್ರೆಯ ಕಾರಣದಿಂದಲೇ ಆಗಿರಬಹುದು. ಬದಲಾವಣೆ ಬೇಕಿದ್ದರೆ ವೈದ್ಯರನ್ನು ಕೇಳಿಯೇ ಮಾಡಿರಿ.

ಮನನಕ್ಕೆ ಪ್ರಶ್ನೆಗಳು

1. ತಲೆನೋವು ಕಡಿಮೆಯಾದ ಮಾತ್ರಕ್ಕೆ ರಕ್ತದೊತ್ತಡ ಇಳಿಯಿತೆಂದು ಏಕೆ ಹೇಳಲಾಗದು?

2. ಗೊಬ್ಬರ ಹಾಕದ ತಾಕಿಗೂ ನಿರಪಾಯಕರ ರಸ ಕುಡಿದ ಗುಂಪಿಗೂ ಇರುವ ಹೋಲಿಕೆ ಯಾವುದು?

3. ಸರ್ಪಗಂಧದ ಬೇರನ್ನು ಕಣ್ಣಳತೆಯಲ್ಲಿ ಸೇವಿಸುವುದು ಏಕೆ ಅಪಾಯಕರ?

4. ನಿಮ್ಮ ಊರಿನಲ್ಲಿ ‘ಬಿ.ಪಿ.ಗೆ ಒಳ್ಳೆಯದು’ ಎನ್ನುವ ಒಂದು ಗಿಡವನ್ನು ಆರಿಸಿರಿ. ಮೇಲಿನ ಆರು ಹಂತಗಳಲ್ಲಿ ಅದು ಯಾವ ಹಂತವನ್ನು ದಾಟಿದೆ ಎಂದು ಬಲ್ಲವರನ್ನು ಕೇಳಿ ಬರೆಯಿರಿ.